ಹಿಂದಿನ ಸೀಟಿನ ಪರೀಕ್ಷೆ

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕೂಪನ್ ಬಂದ ಮೇಲೆ, ಶ್ರೀನಿವಾಸಪುರದ ನಮ್ಮ ಮನೆಯ ಕಾರಿನ ಬೆನ್ನಿಗೂ ಇದ್ದಿಲು ಗ್ಯಾಸಿನ ಡ್ರಮ್ಮು ಬಿತ್ತು. ಇದ್ದಿಲು ಉರಿದು ಬಂದ ಗ್ಯಾಸು ಸೀಟಿನಡಿಯ ಕೊಳವೆಯಲ್ಲಿ ಹಾದು ಇಂಜಿನ್ನಿಗೆ ಹೋಗಬೇಕು. ಹದ ತಪ್ಪಿದರೆ ಏರಿನಲ್ಲಿ ಕಾರು ನಿಂತುಬಿಡುತ್ತಿತ್ತು. ನಮಗೆ ಅದು ನಿಲ್ಲುವಂತಿರಲಿಲ್ಲ. ತವರಿಗೆ ಬಂದಿದ್ದ ಅಕ್ಕ ದಿನ ತುಂಬಿದ ಬಸುರಿ. ಹಿಂದಿನ ಎರಡು ಮಕ್ಕಳೂ ಹೆರಿಗೆಯಲ್ಲೇ ಹೋಗಿದ್ದವು. ಈ ಸಲ ನೋವು ಕಾಣಿಸಿದ ಕೂಡಲೇ ಕೋಲಾರದ ಆಸ್ಪತ್ರೆಗೆ ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು.

ಕಾರು ಓಡಿಸುವವನು ನಾನು, ಆದ್ದರಿಂದ ಅದನ್ನು ಹದ ಮಾಡುವ ಮೇಸ್ತ್ರಿಯನ್ನು ಆರಿಸುವವನೂ ನಾನೇ ಅಂದುಕೊಂಡಿದ್ದೆ. ಕೋಲಾರದಿಂದ ಒಬ್ಬನನ್ನು ಕರೆಸಿದೆ. ಅವನು ಒಂದೇ ಬೆಳಗಿನಲ್ಲಿ ಇಂಜಿನ್ ಹದ ಮಾಡಿ, ಕೆರೆ ಏರಿಯ ಮೇಲೆ ಕಾರನ್ನು ಪೆಟ್ರೋಲಿನ ಕಾಲದಂತೆ ಓಡಿಸಿ ತೋರಿಸಿದ. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅಮ್ಮ ಜಗಲಿಯಿಂದಲೇ ಹೇಳಿದಳು:

"ಗಾಜು ಏರಿಸ್ಕೊಂಡು ಹಿಂದಿನ ಸೀಟಲ್ಲಿ ಕೂತ್ಕೊಳಪ್ಪ. ನನ್ನ ಮಗ ಓಡಿಸ್ತಾನೆ."

ಅವನು ನಕ್ಕ, ಬೇರೆ ಕೆಲಸವಿದೆ ಅಂದ, ಹೊರಟೇಹೋದ. ನನಗೆ ಮೈಯೆಲ್ಲ ಉರಿಯಿತು. ಕಾರಿನ ವಿಷಯ ನಿನಗೇನು ಗೊತ್ತು ಎಂದು ಕೂಗಾಡಿದೆ. ಅಮ್ಮನಿಗೆ ಗೊತ್ತಿದ್ದದ್ದು ಬಾಣಂತಿ ಕೋಣೆ. ಬಾಗಿಲು ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟಿದ್ದ ಅಂಥ ಒಂದು ಕೋಣೆಯಲ್ಲಿ, ಹೊಗೆಯೂ ಇಲ್ಲದೆ ವಾಸನೆಯೂ ಇಲ್ಲದೆ, ಅವಳ ಚಿಕ್ಕಮ್ಮ ನಿದ್ದೆಯಲ್ಲೇ ಹೋಗಿದ್ದಳು. ಆ ಇದ್ದಿಲ ಗ್ಯಾಸೇ ಈಗ ನಮ್ಮ ಕಾರಿನ ಸೀಟಿನಡಿ ಹಾಯುತ್ತಿತ್ತು.

ಎರಡನೆಯ ಮೇಸ್ತ್ರಿ ಮುಳಬಾಗಿಲಿನವರು. ನಮ್ಮ ಮನೆಯ ಕಾಫಿಯಿಂದ ಹಿಡಿದು ಇದ್ದಿಲಿನವರೆಗೆ ಎಲ್ಲಕ್ಕೂ ಗೊಣಗುವ ಆಸಾಮಿ. ಕೆಲಸ ಮುಗಿಸಿ, ಅಮ್ಮ ಹೇಳಿದಂತೆ ಗಾಜು ಏರಿಸಿ ಹಿಂದೆ ಕೂತರು. ಒಂದು ಸುತ್ತು ಹೋಗಿಬಂದು ಇಳಿದಾಗ ಮುಖ ಬಿಳಿಚಿಕೊಂಡಿತ್ತು.

"ತಲೆ ದಿಮ್ ಅಂತೈತೆ. ನನ್ನ ಕೆಲ್ಸ ಸರಿಯಾಗಿಲ್ಲಮ್ಮ. ಈಗ ಗಾಡಿ ಕೊಡಲ್ಲ."

ಅದೇ ಹೊತ್ತಿಗೆ ಒಳಗೆ ಅಕ್ಕನಿಗೆ ನೋವು ಶುರುವಾಯಿತು. ಗಾಜು ಇಳಿಸಿಕೊಂಡು ಹೋಗೋಣ ಅಂದೆ. ಗ್ಯಾಸು ಕಾಲಡಿಯಿಂದಲೇ ಬರುತ್ತಿದೆ, ಗಾಜು ಇಳಿಸಿದರೆ ಸಾಲದು ಅಂದು ಅವರು ಕಾರಿನಡಿ ನುಸುಳಿದರು. ಒಳಗಿನಿಂದ ಅಕ್ಕನ ನರಳಾಟ ಕೇಳುತ್ತಿತ್ತು. ನಾನು ಮನಸ್ಸಿನಲ್ಲೇ ಮೇಸ್ತ್ರಿಯನ್ನೂ ಅಮ್ಮನನ್ನೂ ಸೇರಿಸಿ ಬೈದೆ. ಸೋರುತ್ತಿದ್ದ ಕಡೆ ಬಿಗಿದು, ಬಿಸಿ ಕೊಳವೆ ಮುಟ್ಟಿ ಬೊಬ್ಬೆಯೆದ್ದ ಕೈಯಲ್ಲಿ ಹೊರಬಂದವರು, ಇಂಜಿನ್ ಓಡುತ್ತಿರುವಂತೆಯೇ ಮತ್ತೆ ಗಾಜು ಏರಿಸಿ ಹಿಂದೆ ಕೂತರು. ಅಷ್ಟು ಹೊತ್ತು ಕಾಯುವುದು ಪ್ರಾಣಸಂಕಟವಾಗಿತ್ತು. ಕೊನೆಗೆ ಅಕ್ಕನನ್ನು ಕರೆತರಲು ಹೇಳಿ ಇಳಿಯಹೋದರು.

"ನೀವು ಇಳೀಬೇಡಿ," ಅಂದಳು ಅಮ್ಮ.

ಹೆರುವ ಹೆಂಗಸಿನ ಜೊತೆ ಪರಗಂಡಸನ್ನು ಕೂರಿಸಿದ್ದು ನೋಡಿ ಬೀದಿಯವರು ಮೂಗಿನ ಮೇಲೆ ಬೆರಳಿಟ್ಟರು. ಅಮ್ಮ ನಡುವೆ ಕೂತಳು, ಅವರು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು. ಕಾರು ನಿಧಾನವಾಗಿ ಹೋಗುತ್ತಿತ್ತು, ಆದರೆ ಏರಿನಲ್ಲೂ ನಿಲ್ಲಲಿಲ್ಲ. ಅರ್ಧ ದಾರಿಯಲ್ಲಿ ಅಕ್ಕ ತಲೆ ಸುತ್ತುತ್ತಿದೆ ಅಂದಳು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ. ಅಮ್ಮ ಮೇಸ್ತ್ರಿಯ ಕಡೆ ತಿರುಗಿದಳು.

"ನನ್ನ ತಲೆ ನೆಟ್ಟಗೈತೆ. ಆಯಮ್ಮಂದು ನೋವಿನ ಸುಸ್ತು. ನಿಲ್ಲಿಸ್ಬೇಡಪ್ಪ, ನಡೆಸು."

ಸಂಜೆ ಆಸ್ಪತ್ರೆಯ ವರಾಂಡಕ್ಕೆ ಮಗು ಅಳುವ ಸದ್ದು ಕೇಳಿತು. ನಾನೂ ಅತ್ತುಬಿಟ್ಟೆ. ಇಬ್ಬರೂ ಕ್ಷೇಮ ಎಂದು ಡಾಕ್ಟರಮ್ಮ ಹೇಳಿದ ಮೇಲೆ, ಅಮ್ಮ ಮೆಟ್ಟಿಲ ಮೇಲೆ ಕೂತಿದ್ದ ಮೇಸ್ತ್ರಿಯ ಹತ್ತಿರ ಹೋದಳು.

"ಬಾಣಂತೀನ ಕರ್ಕೊಂಡು ಹೋಗೋ ದಿನಾನೂ ಬರ್ಬೇಕು. ಆವತ್ತು ಮಗೂನ ನಿಮ್ಮ ತೊಡೆ ಮೇಲೇ ಮಲಗಿಸ್ತೀವಿ."

ಎಲ್ಲಕ್ಕೂ ಗೊಣಗುವ ಮನುಷ್ಯ ಅದಕ್ಕೆ ಗೊಣಗಲಿಲ್ಲ.