ಬುತ್ತಿ ಬೇಡದಷ್ಟು ಹತ್ತಿರ

ಮೊನ್ನೆ ಟ್ರಂಕಿನ ತಳದಲ್ಲಿ ಹಳೆ ಧೋತರದ ತುಂಡೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಎಷ್ಟು ಸಲ ತೊಳೆದ ಬಟ್ಟೆಯೋ, ಆದರೂ ಜೋಳದ ರೊಟ್ಟಿಯ ವಾಸನೆ ಹೋಗಿಲ್ಲ... ಎದುರುಮನಿ ಕಾಕು ರೊಟ್ಟಿ ಸುತ್ತುತ್ತಿದ್ದ ಬಟ್ಟೆ ಅದು.

ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರು ಊರಿಗೆ ಹೊರಟರೂ ಬುತ್ತಿ ಕಟ್ಟಲು ಕಾಕು ಬೇಕಿತ್ತು. ಕಿಲೋಮೀಟರ್ ಗಿಲೋಮೀಟರ್ ಅವರಿಗೆ ತಿಳಿಯುತ್ತಿರಲಿಲ್ಲ, ದೂರವನ್ನೆಲ್ಲ ಬುತ್ತಿಯಲ್ಲೇ ಅಳೆಯುತ್ತಿದ್ದರು. ಸವದತ್ತಿ ಎಲ್ಲಮ್ಮನ ಗುಡ್ಡ ಒಂದು ಹೊತ್ತಿನ ಬುತ್ತಿ. ಅವರ ತಂಗಿಯನ್ನು ಕೊಟ್ಟ ತಿರುಪತಿ ಮೂರು ಹೊತ್ತಿನ ಬುತ್ತಿ, ಅದೂ ಕಡಕ್ ರೊಟ್ಟಿ.

ಆ ತಂಗಿ ಹಾಸಿಗೆ ಹಿಡಿದರು. ಫೋನಿನಲ್ಲಿ ಬೇಡಿದ್ದು ಒಂದೇ: “ಅಕ್ಕಾ, ನಿನ್ನ ಕೈಯಾನ ಬಿಸಿರೊಟ್ಟಿ ತಿನಬೇಕು ಅನಸೇತಿ.”

ಕಾಕುಗೆ ಮೊಣಕಾಲು ನೋವು, ರೈಲಿನಲ್ಲಿ ಕೂಡುವುದು ಆಗದ ಮಾತು. ನಮ್ಮ ಮನೆಯವರು ವಿಮಾನದ ವಿಚಾರ ತಂದರು. ಸಾಂಬ್ರಾ ವಿಮಾನ ನಿಲ್ದಾಣದಿಂದ ತಿರುಪತಿಗೆ ಆರುನೂರು ಕಿಲೋಮೀಟರಿನ ಹತ್ತಿರ ಆದೀತು, ಹಾರುವುದು ಒಂದು ತಾಸಿನ ಮೇಲೆ ಸ್ವಲ್ಪ ಅಂದರು.

“ಏ, ಚಾಷ್ಟಿ ಮಾಡಬ್ಯಾಡ್ರಿ! ಅಷ್ಟೊತ್ತಿಗೆ ನಮ್ಮ ಬಸ್ಸು ಯರಗಟ್ಟಿ ಮುಟ್ಟತೈತಿ,” ಎಂದು ಕಾಕು ನಕ್ಕರು.

“ಖರೇನ ಕಾಕು. ಬುತ್ತಿನೂ ಬ್ಯಾಡ,” ಅಂದೆ ನಾನು.

“ಬುತ್ತಿ ಬ್ಯಾಡಂದ್ರ ಅದೇನು ಊರೇನ್ವಾ? ಹಿತ್ತಲ!”

ಅದೇ ವಾರ ವಿಮಾನವಿತ್ತು. ಹಿತ್ತಲಷ್ಟು ಹತ್ತಿರವಿದ್ದಾಗ ಅವಸರ ಯಾಕೆ, ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ತಂಗಿಗೆ ತಾಯಿಯ ಭಂಡಾರದ ಅರಿಶಿನ ತಂದುಕೊಂಡೇ ಹೊರಡುತ್ತೇನೆ ಅಂದರು ಕಾಕು. ತಂದರು. ವಿಮಾನ ದಿನಾಲೂ ಇರಲಿಲ್ಲ, ಮುಂದಿನದಕ್ಕೆ ಕಾದೆವು.

ಅವರಿಗೆ ಓದಲು ಬಾರದೆಂದು ಜೊತೆಗೆ ನಾನು ಹೊರಟೆ. ಬೆಳಿಗ್ಗೆ ಬಡಿದ ರೊಟ್ಟಿಗಳನ್ನು ಧೋತರದಲ್ಲಿ ಸುತ್ತಿ ಹಾಟ್‌ಬಾಕ್ಸಿನಲ್ಲಿ ಇಟ್ಟಿದ್ದರು. ತಪಾಸಣೆಯ ಹುಡುಗಿ ಅದನ್ನು ತೆಗೆಸಿದಾಗ, “ರೊಟ್ಟಿ ಅದಾವು, ಒಂದು ತಿಂತಿಯೇನ್ವಾ?” ಎಂದು ಅವಳನ್ನೂ ನಗಿಸಿದರು. ಮೇಲೆ ಹೋದಮೇಲೆ ಕಿಟಕಿಯಾಚೆ ನೋಡಲೇ ಇಲ್ಲ. ಆಗಾಗ ಮುಚ್ಚಳ ಸರಿಸಿ ಕೈಯಿಟ್ಟು, “ಬಿಸಿ ಅದಾವು,” ಅನ್ನುತ್ತಿದ್ದರು.

ಇಳಿದು ತಂಗಿಯ ಮಗನಿಗೆ ಫೋನು ಹಚ್ಚಿದೆ. ಆತ ಅಳುತ್ತಿದ್ದ. ನಾವು ಮೇಲಿದ್ದ ಆ ತಾಸಿನಲ್ಲೇ ಅವರ ಜೀವ ಹೋಗಿತ್ತು...

ಹೇಗೆ ಹೇಳಿದೆನೋ ನೆನಪಿಲ್ಲ. ಕಾಕು ಅಳಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕುಳಿತು ರೊಟ್ಟಿಯ ಮೇಲೆ ಕೈಯಿಟ್ಟರು.

“ಇನ್ನೂ ಬಿಸಿ ಅದಾವು ನನ್ನವ್ವಾ... ಹತ್ರ ಐತಂತ ಕುಂತೆ. ಮೂರು ಹೊತ್ತಿನ ದಾರಿ ಅಂತನ ತಿಳಕೊಂಡಿದ್ರ, ಅವತ್ತ ಹೊರಡತಿದ್ನಿ.”

ತಾಯಿ ಎಲ್ಲಮ್ಮ ಒಂದಿಷ್ಟು ಕರುಣೆ ತೋರಿಸಿದಳು, ಮಣ್ಣು ಮಾಡುವ ಮೊದಲೇ ಹೋಗಿ ಮುಟ್ಟಿದೆವು. ಕಾಕು ತಂಗಿಯ ಹಣೆಗೆ ಭಂಡಾರ ಹಚ್ಚಿ, ಕೈಯೊಳಗೆ ರೊಟ್ಟಿಯ ತುಣುಕು ಇಟ್ಟರು. ಮುಖವಾದರೂ ಸಿಕ್ಕಿತಲ್ಲ ಎಂದು ನಾನು ಅಂದುಕೊಳ್ಳುತ್ತೇನೆ. ಅಂದುಕೊಂಡರೂ...

ಆಮೇಲೆ ಅವರು ಯಾರಿಗೂ ಬುತ್ತಿ ಕಟ್ಟಲಿಲ್ಲ. ಆ ಬಟ್ಟೆಯನ್ನು ನನಗೆ ಕೊಟ್ಟುಬಿಟ್ಟರು. ಹೋದ ಶ್ರಾವಣದಲ್ಲಿ ಕಾಕುನೂ ಹೋದರು. ಎದುರಿನ ಬಾಗಿಲಿಗೆ ಈಗ ಕೀಲಿ.

ನನ್ನ ತಂಗಿ ರಾಮದುರ್ಗದಲ್ಲಿದ್ದಾಳೆ. ಹತ್ತಿರವೇ ಅಂತ ವರ್ಷದಿಂದ ಹೋಗಿರಲಿಲ್ಲ. ಬಟ್ಟೆ ಸಿಕ್ಕ ಮರುದಿನವೇ ಅದರಲ್ಲಿ ರೊಟ್ಟಿ ಸುತ್ತಿಕೊಂಡು ಬಸ್ಸು ಹತ್ತಿದೆ. ಯರಗಟ್ಟಿ ದಾಟುವಾಗ ಕೈ ತಾನಾಗಿಯೇ ಗಂಟಿನೊಳಗೆ ಹೋಯಿತು. ಬಿಸಿ ಇದ್ದವು. ಕಾಕುಗೆ ಹೇಳೋಣವೆಂದು ಪಕ್ಕಕ್ಕೆ ತಿರುಗಿದೆ...