ಪಾಲಿಗೆ ಬಂದ ಅರ್ಧ ಆಲ್ಬಂ

ನಮ್ಮ ಮನೆ ಪಾಲಾದ ದಿನ ಸೋದರಮಾವ ಒಂದು ಆಲ್ಬಮ್ಮನ್ನೂ ಪಾಲು ಮಾಡಿದರು. ಅದು ಎರಡು ರೆಕಾರ್ಡುಗಳ ವಿದೇಶಿ ರಾಕ್ ಆಲ್ಬಂ. ಕಾಲೇಜಿನ ಕಾಲದಲ್ಲಿ ನಾನೂ ತಮ್ಮನೂ ಭಾನುವಾರದ ಹಳೇ ಸಾಮಾನಿನ ಸಂತೆಯಿಂದ ತಂದದ್ದು. ಪ್ಲೇಯರೂ ಅಲ್ಲಿಯದೇ.

ಮೊದಲ ಸಲ ಹಾಕಿದಾಗ ಪ್ಲೇಯರ್ ಕೆಟ್ಟಿದೆ ಎಂದುಕೊಂಡೆವು. ಗಿಟಾರು ನೀರೊಳಗಿಂದ ಕೇಳಿಸುವ ಹಾಗಿತ್ತು. ಆರ್ಗನ್ ಒಂದೇ ಸ್ವರ ಹಿಡಿದು ಕೂತುಬಿಟ್ಟಿತ್ತು. ಡ್ರಮ್ಮಿನವನು ತನ್ನ ಪಾಡಿಗೆ ಏಳೇಳು ಪೆಟ್ಟು ಎಣಿಸುತ್ತಿದ್ದ. ಕೆಳಗಿನಿಂದ ಅಪ್ಪ, "ಏನ್ರೋ ಅದು, ಕೊಳಾಯೀಲಿ ಗಾಳಿ ಬಂದಂಗೆ?" ಎಂದರು. ಕೇಳುತ್ತಾ ಕೇಳುತ್ತಾ ರುಚಿ ಹತ್ತಿತು. ತಮ್ಮ ಆ ಏಳರ ಲೆಕ್ಕವನ್ನು ಊಟದ ತಟ್ಟೆಯ ಅಂಚಿನಲ್ಲಿ ಬಾರಿಸುತ್ತಿದ್ದ. ನಾನು ತಪ್ಪುತ್ತಿದ್ದೆ, ಅವನು ತಪ್ಪುತ್ತಿರಲಿಲ್ಲ.

ಮೊದಲ ರೆಕಾರ್ಡಿನ ಕೊನೆಗೆ ಸ್ಯಾಕ್ಸೊಫೋನ್ ಶುರುವಾಗುತ್ತದೆ. ಜಾಜ್‌ನವರ ಹಾಗೆ ಹಾಡಿನ ದಾರಿ ಬಿಟ್ಟು ಸಂದಿಗೊಂದಿ ಸುತ್ತಿ, ಇನ್ನೇನು ಮನೆಗೆ ಬಂತು ಅನ್ನುವಾಗ ರೆಕಾರ್ಡು ಮುಗಿಯುತ್ತದೆ. ಎದ್ದು ಎರಡನೆಯದನ್ನು ಹಾಕಬೇಕು. ಅದು ಯಾವಾಗಲೂ ತಮ್ಮನ ಕೆಲಸ. ಅಂಚಿನಲ್ಲಷ್ಟೇ ಹಿಡಿದು ಅವನು ಬದಲಿಸುವಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದಿರುತ್ತಿದ್ದೆ. ಅಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ.

ವಿಜಯನಗರದಲ್ಲಿ ಈಗ ಬಸ್ಸು ತಿರುಗುವ ಜಾಗದಲ್ಲಿ ನಮ್ಮ ತಾತ ರಾಗಿ ಬೆಳೆದಿದ್ದರಂತೆ. ಹೊಲ ಸೈಟಾಯಿತು, ಸೈಟು ಬಾಡಿಗೆ ಮನೆಗಳಾದವು, ಬಾಡಿಗೆ ಮನೆಗಳು ಜಗಳವಾದವು. ಅಪ್ಪ ಹೋದ ಮೇಲೆ, ಮೆಟ್ಟಿಲು ಯಾರ ಭಾಗಕ್ಕೆ ಎಂದು ಕಚ್ಚಾಡಿ ನಾವಿಬ್ಬರೂ ಮಾತು ಬಿಟ್ಟೆವು. ಪಾಲು ಮಾಡಲು ಬ್ಯಾಡರಹಳ್ಳಿಯಿಂದ ಸೋದರಮಾವ ಬಂದು ನಡುಮನೆಯಲ್ಲಿ ಕೂತರು. ಹಂಡೆ ನನಗೆ, ಕೊಪ್ಪರಿಗೆ ಅವನಿಗೆ. ಪ್ಲೇಯರ್ ನನಗೆ, ಅದಕ್ಕೆ ಸಮವಾಗಿ ಹೊಲಿಗೆ ಮಿಷನ್ ಅವನಿಗೆ. ಮೆಟ್ಟಿಲೂ ಅವನಿಗೇ ಹೋಯಿತು. ಕೊನೆಗೆ ಆಲ್ಬಂ ಮಾವನ ಕೈಗೆ ಬಂತು. ಕವರಿನೊಳಗೆ ಇಣುಕಿದರು.

"ಎಲ್ಡವೆ. ಒಬ್ಬೊಬ್ರಿಗೆ ಒಂದೊಂದು. ಪಾಲಿಗೆ ಬಂದಿದ್ದು ಪಂಚಾಮೃತ."

ಕೋಣನ ಮುಂದೆ ಕಿನ್ನರಿ ಎಂದು ಮಾವನನ್ನು ಆಡಿಕೊಳ್ಳುವುದು ಸುಲಭ. ಕಿನ್ನರಿ ಬಲ್ಲ ಇಬ್ಬರು ಅಲ್ಲೇ ಕೂತಿದ್ದರಲ್ಲ? "ಎರಡೂ ಅವನಿಗೇ ಇರಲಿ" ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಸತ್ತರೂ ಸೋಲಬಾರದೆಂಬ ಹಟ. ಮೊದಲನೆಯದು ನನಗೆ ಬಂತು, ಎರಡನೆಯದು ಕವರಿನ ಸಮೇತ ಅವನಿಗೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹೇಳಿದವರು ನಮ್ಮಂಥವರನ್ನು ನೋಡಿಯೇ ಹೇಳಿರಬೇಕು.

ಮನೆಯ ನಡುವೆ ಗೋಡೆ ಎದ್ದಿತು. ನಾನು ನನ್ನ ಅರ್ಧವನ್ನು ಬೇಕೆಂದೇ ಜೋರಾಗಿ ಹಾಕುತ್ತಿದ್ದೆ. ಸ್ಯಾಕ್ಸೊಫೋನ್ ನಿಂತ ಮೇಲೆ ಮುಳ್ಳು ಕರಕರ ಎನ್ನುತ್ತಿತ್ತು. ಗೋಡೆಯಾಚೆಯಿಂದ ಏನೂ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ, ಅವನ ಬಳಿ ಪ್ಲೇಯರೇ ಇಲ್ಲ.

ಈಚೆಗೆ ತಮ್ಮ ತನ್ನ ಭಾಗದ ಮೇಲೆ ಇನ್ನೊಂದು ಮಹಡಿ ಕಟ್ಟಿದ. ಅವನ ಹೆಂಡತಿ ಕುಂಕುಮ ಹಿಡಿದು ಬಂದು ಗೃಹಪ್ರವೇಶಕ್ಕೆ ಕರೆದಳು. ಹೋದೆ. ಹೊಸ ಹಾಲಿನ ಗೋಡೆಯ ಮೇಲೆ ಆ ಎರಡನೆಯ ರೆಕಾರ್ಡು ಗಡಿಯಾರವಾಗಿ ನೇತಾಡುತ್ತಿತ್ತು. ನಟ್ಟನಡುವಿನ ತೂತು ದೊಡ್ಡದು ಮಾಡಿ ಮುಳ್ಳು ಕೂರಿಸಿದ್ದರು.

"ಚೆನ್ನಾಗಿದೆ ಅಲ್ವಾ ಭಾವ? ಮಗಳು ಮಾಡ್ಸಿದ್ದು. ಸುಮ್ನೆ ಧೂಳು ಹಿಡೀತಿತ್ತು," ಎಂದಳು.

ತಮ್ಮ ಬಂದು ಪಕ್ಕದಲ್ಲಿ ಊಟಕ್ಕೆ ಕೂತ. ತಡೆಯಲಾಗಲಿಲ್ಲ. "ಅದನ್ನ ಕೇಳ್ಬೇಕು ಅನ್ಸಲ್ವೇನೋ?" ಎಂದೆ.

"ಫೋನಲ್ಲಿ ಐತಲ್ಲಣ್ಣ. ವಾಕಿಂಗ್‌ನಲ್ಲಿ ಕೇಳ್ತೀನಿ."

"ಪೂರ್ತಿನಾ?"

ಅವನು ಗಡಿಯಾರದ ಕಡೆ ನೋಡಿದ. "ಇಲ್ಲ. ಎರಡನೇದು ಮಾತ್ರ. ಮೊದಲನೇದು ನಿನ್ ಪಾಲು ತಾನೇ?"

ತಮಾಷೆಗೆ ಅಂದನೋ ಎಂದು ಮುಖ ನೋಡಿದೆ. ಅವನು ನಗಲಿಲ್ಲ.

ಪೂರ್ತಿ ಆಲ್ಬಂ ನನ್ನ ಫೋನಿನಲ್ಲೂ ಇದೆ. ಪಾಲಾದ ದಿನದಿಂದ ಅದರ ಎರಡನೆಯ ಅರ್ಧವನ್ನು ನಾನೂ ಒಮ್ಮೆಯೂ ಹಾಕಿಲ್ಲ. ಅದನ್ನು ಅವನಿಗೆ ಹೇಳಲಿಲ್ಲ. ಬಡಿಸಿದ ಹೋಳಿಗೆ ತಿಂದು, ಅವನ ಪಾಲಿನ ಮೆಟ್ಟಿಲಿಳಿದು ಬಂದೆ.