ಬಾಟ್ಲಿ ಅಕ್ಕನೂ ಬೆಟ್ಟದ ತೊರೆಯೂ

ಬೆಳಕು ಇನ್ನೂ ಮರಗಳ ತುದಿಯಲ್ಲೇ ಇದೆ, ಕೆಳಗಿಳಿದಿಲ್ಲ. ಕಡಿದಾದ ಇಳಿಜಾರಿನಲ್ಲಿ ಮುಂದೆ ಗಂಡ, ಅವರ ಹೆಗಲ ಮೇಲೆ ಕೈಯಿಟ್ಟು ಹಿಂದೆ ಹೆಂಡತಿ, ಅಡ್ಡಡ್ಡ ಹೆಜ್ಜೆ ಹಾಕುತ್ತ ತೊರೆಗೆ ಇಳಿಯುತ್ತಿದ್ದಾರೆ. ಬಗಲಲ್ಲಿ ಖಾಲಿ ಬಾಟಲಿಗಳ ಚೀಲ.

'ಮೆಲ್ಲಗೆ ಬಾರೇ, ತೊರೆಯೇನು ಓಡಿ ಹೋಗುತ್ತಾ?'

'ಓಡೋದೇ ಅದರ ಕೆಲಸ. ನೀವು ಮೊದಲು ನಿಮ್ಮ ಕಾಲ್ಕೆಳಗೆ ನೋಡ್ಕೊಳ್ಳಿ.'

ದಡಕ್ಕೆ ಬಂದದ್ದೇ ಗಂಡನನ್ನು ಒಂದು ಬಂಡೆಯ ಮೇಲೆ ಕೂರಿಸಿ, ಅಲ್ಲಿಂದ ಅಲುಗಾಡಬಾರದೆಂದು ತಾಕೀತು ಮಾಡುತ್ತಾರೆ ಆಕೆ. ಸೆರಗು ಸಿಕ್ಕಿಸಿಕೊಂಡು, ನೀರು ಇಳಿದು ಹೋಗುವ ಕಡೆಯಿಂದ ತೊರೆಗೆ ಕಾಲಿಟ್ಟು, ಹರಿವಿಗೆ ಮುಖ ಮಾಡಿ ನಿಲ್ಲುತ್ತಾರೆ. ಹಾಗೆ ನಿಂತರೆ ಕಾಲು ಕಲಕಿದ ಮಣ್ಣು ಹಿಂದಕ್ಕೆ ಹೋಗುತ್ತದೆ, ಬಾಟಲಿಗೆ ಬರುವುದಿಲ್ಲ. ತೊರೆಯದೇ ನೀರಲ್ಲಿ ಬಾಟಲಿಯನ್ನು ಮೂರು ಸಲ ಕುಲುಕಿ ಬೆನ್ನ ಹಿಂದೆ ಚೆಲ್ಲುತ್ತಾರೆ. ನಾಲ್ಕನೆಯ ಸಲ ತುಂಬಿ, ಗಾಳಿಗುಳ್ಳೆ ಸೇರದಂತೆ ನೀರೊಳಗೇ ಮುಚ್ಚಳ ತಿರುಗಿಸುತ್ತಾರೆ. ಆಮೇಲೆ ನೀರಿನ ತಂಪು ಎಷ್ಟು, ಮಟ್ಟ ಎಷ್ಟು ಎಂದು ನೋಡುವುದು. ಹರಿವು ಅಳೆಯುವ ಅಡ್ಡಗಟ್ಟೆಗೆ ಸಿಕ್ಕಿದ ಎಲೆಗಳನ್ನು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

'ಮನೇಲಾದ್ರೆ ಮೊದಲು ಕಸ ಗುಡಿಸ್ತೀವಿ. ಇಲ್ಲಿ ಹಾಗಲ್ಲ. ಮೊದಲು ತೊರೆ ಹೇಗಿದ್ಯೋ ಹಾಗೇ ಓದ್ಕೋಬೇಕು, ಆಮೇಲೆ ಗುಡಿಸ್ಬೇಕು' ಎನ್ನುತ್ತಾರೆ. ತುಟಿ ನೀಲಿಗಟ್ಟಿದೆ, ಮಾತಿನಲ್ಲಿ ಮಾತ್ರ ನಡುಕವಿಲ್ಲ.

ಬಸ್ಸಿನಲ್ಲಿ ಇವರನ್ನು ಕರೆಯುವುದು ಬಾಟ್ಲಿ ಅಕ್ಕ ಎಂದೇ. ಹೊಸಬರು ಆ ಹೆಸರು ಕೇಳಿ ಒಂದು ಥರ ನೋಡುತ್ತಾರಂತೆ. 'ನೋಡ್ಲಿ ಬಿಡಿ, ಬೆಳಬೆಳಗ್ಗೆ ಚೀಲ ತುಂಬಾ ಬಾಟ್ಲಿ ಹೊತ್ಕೊಂಡು ಕಾಡಿಗೆ ಹೋಗೋಳು ಇನ್ಯಾಕೆ ಹೋಗ್ತಾಳೆ ಅಂದ್ಕೋತಾರೆ!' ಎಂದು ತಾವೇ ಮೊದಲು ನಗುತ್ತಾರೆ.

ಕಾಡಿನ ಅಂಚಿನ ಸಂಶೋಧನಾ ಕೇಂದ್ರಕ್ಕೆ ಆಕೆ ಬಂದದ್ದು ಪ್ರಯೋಗಾಲಯದ ಬಾಟಲಿ ತೊಳೆಯಲು. ತೊರೆಗೆ ಆಗ ಇಳಿಯುತ್ತಿದ್ದವರು ಅವರ ಸೋದರಮಾವ, ಕಾಡಿನ ಕಾವಲುಗಾರ. ಮಾವನ ಸೊಂಟ ಕೈಕೊಟ್ಟಾಗ ಆ ಚಳಿ, ಆ ಜಾರು, ಆ ಜಿಗಣೆ ಯಾರಿಗೂ ಬೇಡವಾಯಿತು. 'ನಾನು ಹೋಗ್ತೀನಿ ಅಂದೆ. ನಾಲ್ಕು ದಿನಕ್ಕೆ ಓಡಿ ಬರ್ತಾಳೆ ಅಂದ್ರು. ಅಂದೋರೆಲ್ಲ ರಿಟೈರ್ ಆಗಿ ಹೋದ್ರು, ನಾನಿನ್ನೂ ಇಳೀತಿದ್ದೀನಿ.'

ಈ ಬೆಟ್ಟದ ಮೇಲ್ಮೈಯನ್ನು ಒಂದು ಕಾಲಕ್ಕೆ ಬೋಳಿಸಿ ಮರ ಸಾಗಿಸಿದ್ದರು. ಆಮೇಲೆ ಅದನ್ನು ಅದರ ಪಾಡಿಗೆ ಬಿಟ್ಟರು. ಕಾಡು ಮತ್ತೆ ಬೆಳೆಯುತ್ತಿದ್ದಂತೆ ನೀರಿಗೆ ಏನಾಗುತ್ತದೆ, ಎಷ್ಟು ಹರಿಯುತ್ತದೆ, ಯಾವ ಹುಳುಗಳು ಹಿಂದಿರುಗುತ್ತವೆ? ಇದನ್ನೇ ಕೇಂದ್ರ ಮೂವತ್ತು ಚಿಲ್ಲರೆ ವರ್ಷದಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದೆ. ವಾರಕ್ಕೊಮ್ಮೆ ನೀರು, ಋತುವಿಗೊಮ್ಮೆ ಕಲ್ಲಡಿಯ ಹುಳುಗಳು. ಕೆಳಗಿನ ಪಟ್ಟಣ ಕುಡಿಯುವುದೂ ಇದೇ ನೀರನ್ನೇ. ಆದರೆ ನಲ್ಲಿ ತಿರುಗಿಸುವವರಿಗೆ ಬಾಟ್ಲಿ ಅಕ್ಕ ಯಾರೆಂದು ಗೊತ್ತಿರಬೇಕಲ್ಲ!

'ಒಂದು ದಿನದ ನೀರು ಏನೂ ಹೇಳಲ್ಲ. ಬಿಡದೆ ಕೇಳ್ತಾ ಇರ್ಬೇಕು, ಅದೂ ಒಂದೇ ಜಾಗದಲ್ಲಿ ನಿಂತು. ಇವತ್ತು ಇಲ್ಲಿ, ನಾಳೆ ಅಲ್ಲಿ ತುಂಬಿದ್ರೆ ಅದು ತೊರೆ ಕಥೆ ಆಗಲ್ಲ, ನನ್ನ ತಿರುಗಾಟದ ಕಥೆ ಆಗುತ್ತೆ' ಎನ್ನುತ್ತಾರೆ.

ಒಂದೇ ಜಾಗ ಎಂಬ ಈ ಹಟಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಹೋದ ವರ್ಷ ಮಂಡಿ ಕೈಕೊಟ್ಟಿತು. ಇಳಿಜಾರು ಹತ್ತಿಳಿಯುವುದನ್ನು ಬಿಡಿ ಎಂದರು ಡಾಕ್ಟರು. ತೊರೆ ಬಿಟ್ಟರೆ ಮತ್ತೆ ಬಾಟಲಿ ತೊಳೆಯುವ ತೊಟ್ಟಿಯೇ ಗತಿ. ಆ ರಾತ್ರಿ ಆಕೆ ಊಟ ಮಾಡಲಿಲ್ಲ. ಅದನ್ನು ಗಂಡ ನೋಡಿಕೊಂಡರು. ಅವರು ಗಾರೆ ಕೆಲಸದ ಮೇಸ್ತ್ರಿ. ಹೆಂಡತಿ ಅಕ್ಕನ ಮನೆಗೆ ಹೋಗಿದ್ದ ಸಮಯ ನೋಡಿ, ಯಾರಿಗೂ ಹೇಳದೆ, ಸಿಮೆಂಟು ಹೊತ್ತು ತಂದು ದಡದಿಂದ ನೀರಿನವರೆಗೆ ಚೆಂದದ ಮೆಟ್ಟಿಲು ಕಟ್ಟಿಬಿಟ್ಟರು. ಕೊನೆಯ ಮೆಟ್ಟಿಲು ನೀರೊಳಗೇ ಇಳಿದಿತ್ತು, ಆಕೆ ಬಾಟಲಿ ತುಂಬುವ ಜಾಗಕ್ಕಿಂತ ಎರಡು ಮಾರು ಮೇಲೆ, ನೀರು ಹರಿದು ಬರುವ ಕಡೆಗೆ.

'ನೋಡಿ ಅತ್ತೇಬಿಟ್ಟೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಸೀರೆ ಕೂಡ ಅವರಾಗೇ ತಂದ್ಕೊಟ್ಟೋರಲ್ಲ!'

ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಈ ಬೆಟ್ಟದ ನೀರಿಗೆ ತುಸು ಹುಳಿ ಗುಣ, ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಈಗ ಸುಣ್ಣ ಒಮ್ಮೆಗೇ ಏರಿತು, ಹುಳಿ ಇಳಿಯಿತು. ಪ್ರಯೋಗಾಲಯದ ಮೇಡಂ ತಲೆ ಕೆರೆದುಕೊಂಡರು, ಯಂತ್ರ ಪರೀಕ್ಷಿಸಿದರು, ಕೊನೆಗೆ ಅನುಮಾನಿಸುತ್ತಲೇ ಕೇಳಿದರು: 'ಅಕ್ಕಾ, ಬಾಟಲಿಗೇನಾದ್ರೂ ಸೋಪು ಹಾಕಿದ್ರಾ?'

'ಸೋಪಾ? ಅದಕ್ಕಿಂತ ನನ್ನ ಕೆನ್ನೆಗೆ ಎರಡು ಬಾರಿಸಿಬಿಡಿ ಮೇಡಂ!'

ಮಾರನೆಯ ದಿನ ಮೇಡಂ ತಾವೇ ಆಕೆಯ ಜೊತೆ ತೊರೆಗೆ ಬಂದರು. ಮೆಟ್ಟಿಲು ನೋಡಿದರು, ಆಕೆಯ ಮುಖ ನೋಡಿದರು. ಬಾಟ್ಲಿ ಅಕ್ಕನಿಗೆ ಆಗಲೇ ಅರ್ಥವಾಯಿತು. ಹೊಸ ಸಿಮೆಂಟಿನಿಂದ ಸುಣ್ಣ ಇಳಿದೇ ಇಳಿಯುತ್ತದೆ, ಮೇಸ್ತ್ರಿಯ ಹೆಂಡತಿಗೆ ಅದನ್ನು ಬಿಡಿಸಿ ಹೇಳಬೇಕೆ?

ಕೇಂದ್ರದ ಮುಖ್ಯಸ್ಥರು ಒಳ್ಳೆಯವರು. 'ಮೆಟ್ಟಿಲು ಇರಲಿ ಬಿಡಮ್ಮ. ಮೇಲ್ಗಡೆ ಹೊಸ ಜಾಗ ನೋಡೋಣ, ಅಲ್ಲಿಂದ ಹೊಸದಾಗಿ ಶುರುಮಾಡೋಣ' ಎಂದರು. ಹಾಗೆ ಮಾಡಿದ್ದರೆ ಆಕೆಯ ಮಂಡಿ ಉಳಿಯುತ್ತಿತ್ತು, ಕೆಲಸವೂ ಉಳಿಯುತ್ತಿತ್ತು. ಆದರೆ ಮೂವತ್ತು ವರ್ಷದ ಸಾಲು ಅಲ್ಲಿಗೇ ತುಂಡಾಗುತ್ತಿತ್ತು. 'ಒಡೆಸ್ತೀನಿ ಸಾರ್' ಎಂದು ಆಕೆ ಮನೆಗೆ ಬಂದರು.

ಮನೆಯಲ್ಲಿ ರಾಮಾಯಣವೇ ಆಯಿತು. ತಾನು ಕಟ್ಟಿದ್ದನ್ನು ಒಡೆ ಎಂದು ಇದುವರೆಗೆ ಯಾರೂ ಅಂದಿಲ್ಲವೆಂದು ಮೇಸ್ತ್ರಿ ಮುಖ ಊದಿಸಿಕೊಂಡರು. ಮೂರು ದಿನ ಮಾತಿಲ್ಲ, ಕತೆಯಿಲ್ಲ. ನಾಲ್ಕನೆಯ ಬೆಳಗ್ಗೆ ಆಕೆ ಏಳುವಷ್ಟರಲ್ಲಿ ಗಂಡನೂ ಇಲ್ಲ, ಸುತ್ತಿಗೆಯೂ ಇಲ್ಲ. ಹೋಗಿ ನೋಡಿದರೆ, ಚೂರು ನೀರಿಗೆ ಬೀಳದ ಹಾಗೆ ಕೆಳಗೆ ಗೋಣಿ ಕಟ್ಟಿಕೊಂಡು ಒಡೆಯುತ್ತಿದ್ದಾರೆ! ಒಡೆದದ್ದನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಗುಡ್ಡದ ಆಚೆ ಬದಿಗೆ ಸುರಿದರು.

'ಕಟ್ಟೋಕೆ ಎರಡೇ ದಿನ, ಒಡೆಯೋಕೆ ಐದು ದಿನ ಬೇಕಾಯ್ತು' ಎಂದು ಇವತ್ತು ಕೂತ ಬಂಡೆಯ ಮೇಲಿಂದಲೇ ಮೇಸ್ತ್ರಿ ಕೂಗುತ್ತಾರೆ. 'ಅಷ್ಟು ಗಟ್ಟಿ ಕೆಲಸ ನಂದು, ಅದನ್ನೂ ಬರ್ಕೊಳ್ಳಿ. ಸಿಮೆಂಟ್ ಬೇಡ ಅಂದ್ರಲ್ಲ, ಅದಕ್ಕೇ ಈಗ ನಾನೇ ಬರ್ತೀನಿ.'

ಅಂದಿನಿಂದ ವಾರಕ್ಕೊಂದು ಬೆಳಗ್ಗೆ ಮೇಸ್ತ್ರಿ ಬೇರೆ ಕೆಲಸ ಒಪ್ಪಿಕೊಳ್ಳುವುದಿಲ್ಲ. ಸುಣ್ಣದ ಅಂಶ ಕೆಲವು ವಾರಗಳಲ್ಲಿ ಮೆಲ್ಲಗೆ ಇಳಿದು ಹಳೆಯ ಮಟ್ಟಕ್ಕೆ ಬಂತು. ಮಂಡಿ ಮಾತ್ರ ಹಾಗೇ ಇದೆ. ಇನ್ನೆಷ್ಟು ಮಳೆಗಾಲ ಇಳಿಯಬಲ್ಲೆನೋ ಗೊತ್ತಿಲ್ಲ ಎಂದು ಆಕೆಯೇ ಹೇಳುತ್ತಾರೆ. 'ನನ್ನ ನಂತರ ಬರೋರು ಇದೇ ಜಾಗದಲ್ಲಿ ನಿಲ್ಲಲಿ. ನಂಗಿನ್ನೇನೂ ಬೇಡ.'

ಕೇಂದ್ರದ ಪಡಸಾಲೆಯಲ್ಲಿ ತೊರೆಯ ಅಷ್ಟೂ ವರ್ಷಗಳ ಸುಣ್ಣದ ಅಂಶವನ್ನು ಗೆರೆಯಾಗಿ ಎಳೆದ ಉದ್ದನೆಯ ಹಾಳೆಯೊಂದನ್ನು ಅಂಟಿಸಿದ್ದಾರೆ. ಗೆರೆ ಸಣ್ಣದಾಗಿ ಏರಿಳಿಯುತ್ತ ಸಾಗಿ, ಕೊನೆಯ ಹತ್ತಿರ ಒಂದೇ ಒಂದು ಕಡೆ ಉಬ್ಬಿದೆ. ನಾಚಿಕೆಯಿಂದ ಅದನ್ನು ಅಳಿಸಿಬಿಡಿ ಎಂದು ಬೇಡಿಕೊಂಡಿದ್ದರಂತೆ ಬಾಟ್ಲಿ ಅಕ್ಕ. ನೀರು ಹೇಳಿದ್ದನ್ನು ಅಳಿಸುವ ಹಾಗಿಲ್ಲ, ಪಕ್ಕದಲ್ಲಿ ಕಾರಣ ಬರೆಯುತ್ತೇವೆ ಎಂದರಂತೆ ಮೇಡಂ.

ಈಗ ಆಕೆಗೆ ನಾಚಿಕೆಯಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಉಬ್ಬಿನ ಮೇಲೆ ಬೆರಳಿಡುತ್ತಾರೆ.

'ಉಳಿದದ್ದೆಲ್ಲ ಬೆಟ್ಟದ್ದು. ಇದೊಂದು ಮಾತ್ರ ನಮ್ಮನೆಯವರದ್ದು.'